ಬರೆಸುವವರ ಕೈಗೊಂದು ಪುಟ

ಗಾದೆ ವಿಸ್ತರಣೆಯ ಉತ್ತರಗಳನ್ನು ತಿದ್ದಿದ ಯಾವ ಕನ್ನಡ ಮೇಷ್ಟ್ರನ್ನು ಬೇಕಾದರೂ ಕೇಳಿ ನೋಡಿ. ಕಟ್ಟು ಬಿಚ್ಚಿ ಮೊದಲ ಪತ್ರಿಕೆ ಎತ್ತಿಕೊಂಡರೆ 'ಗಾದೆಗಳು ವೇದಗಳಿಗೆ ಸಮಾನ' ಎಂದು ಶುರುವಾಗಿರುತ್ತದೆ. ಎರಡನೆಯದೂ ಹಾಗೆಯೇ, ಇಪ್ಪತ್ತನೆಯದೂ ಹಾಗೆಯೇ. ಕೊಟ್ಟ ಗಾದೆ 'ಕೈ ಕೆಸರಾದರೆ ಬಾಯಿ ಮೊಸರು' ಇರಲಿ, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಇರಲಿ, ಆ ಮೊದಲ ಸಾಲು ಅಲುಗುವುದಿಲ್ಲ. ಪರೀಕ್ಷೆಗೆ ಬರುವ ಮುನ್ನಾದಿನ ಅಪ್ಪನ ಜೊತೆ ಗದ್ದೆಗಿಳಿದು ನಾಟಿ ಹಾಕಿ ಬಂದ ಹುಡುಗನೂ ಕೈ ಕೆಸರಾಗುವುದರ ಬಗ್ಗೆ ತನ್ನದೊಂದು ಮಾತು ಬರೆಯುವುದಿಲ್ಲ. ಉಗುರುಸಂದಿಯ ಕೆಸರು ಇನ್ನೂ ಹೋಗಿರುವುದಿಲ್ಲ, ಉತ್ತರದಲ್ಲಿ ಮಾತ್ರ ವೇದದ ಸುದ್ದಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡಲು ಸೇರಿದ ಮೊದಲ ವರ್ಷಗಳಲ್ಲಿ ಇದನ್ನು ಮಕ್ಕಳ ಸೋಮಾರಿತನ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಸಾಲನ್ನು ಅವರಿಗೆ ಕೊಟ್ಟವರು ನಾವೇ. ನಮಗೆ ಕೊಟ್ಟವರು ನಮ್ಮ ಮೇಷ್ಟ್ರುಗಳು. ಬರಹ ಕಲಿಸು ಎಂದು ಶಿಕ್ಷಕನನ್ನು ತರಗತಿಗೆ ಕಳಿಸುತ್ತೇವೆ, ಆದರೆ ಅವನ ಕೈಗೆ ಏನು ಕೊಡುತ್ತೇವೆ? ಪ್ರಬಂಧದ ವಿಷಯಗಳ ಒಂದು ಪಟ್ಟಿ: ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆ. ಜೊತೆಗೆ ಅಂಗಡಿಯಲ್ಲಿ ಸಿಗುವ ಗೈಡಿನ ಸಿದ್ಧ ಪ್ರಬಂಧ. ಖಾಲಿ ಹಾಳೆಯ ಮುಂದೆ ಕೂತ ಮಗು ಆ ಖಾನೆಗಳವರೆಗೆ ಹೇಗೆ ನಡೆದುಹೋಗಬೇಕು, ಎಲ್ಲಿ ಎಡವುತ್ತದೆ, ಎಡವಿದಾಗ ಮೇಷ್ಟ್ರು ಏನು ಕೇಳಬೇಕು ಎಂಬುದು ಆ ಪಟ್ಟಿಯಲ್ಲೂ ಇಲ್ಲ, ಗೈಡಿನಲ್ಲೂ ಇಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ. ಅದರಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತದಲ್ಲಿ ಗಾದೆ, ಪತ್ರ, ಪ್ರಬಂಧಗಳಲ್ಲಿ ಮಾತ್ರ ಮಗು ತನ್ನ ಮಾತಿನಲ್ಲಿ ಬರೆಯುವ ಅವಕಾಶ ಉಂಟು. ಅದನ್ನೂ ಬಾಯಿಪಾಠಕ್ಕೆ ಒಪ್ಪಿಸಿದ್ದೇವೆ. ಮಕ್ಕಳ ಕಲಿಕೆಯ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವ ಅಸರ್ ಸಮೀಕ್ಷೆ 2005ರಿಂದ ನಡೆಯುತ್ತಿದೆ. ಅದು ಮುಖ್ಯವಾಗಿ ನೋಡುವುದು ಮಗು ಓದುತ್ತದೆಯೇ, ಲೆಕ್ಕ ಮಾಡುತ್ತದೆಯೇ ಎಂಬುದನ್ನು. ಅದು ಅಗತ್ಯವೇ. ಆದರೆ ಅಳೆಯದೆ ಉಳಿದದ್ದು ಮಾತಿಗೂ ಬಾರದೆ ಉಳಿಯುತ್ತದೆ, ಬರಹದ ಪಾಡು ಹಾಗಾಗಿದೆ.

ಬರಹ ಕಲಿಸುವುದು ಹೇಗೆ ಎಂಬುದು ಕನ್ನಡಕ್ಕೆ ಹೊಸ ಪ್ರಶ್ನೆಯೇನಲ್ಲ. ನಮಗೆ ಉಳಿದುಬಂದಿರುವ ಕೃತಿಗಳಲ್ಲಿ ಎಲ್ಲಕ್ಕಿಂತ ಹಳೆಯದು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಬರೆಯುವವರಿಗಾಗಿಯೇ ಹುಟ್ಟಿದ ಪುಸ್ತಕ. ಬರವಣಿಗೆಯಲ್ಲಿ ಯಾವುದು ಗುಣ, ಯಾವುದು ದೋಷ, ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಎಲ್ಲಿ ಹೊಂದಿಕೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಉದಾಹರಣೆ ಇಟ್ಟು ಹೇಳುತ್ತದೆ. ಕನ್ನಡದ ಒಳಗೇ ಎಷ್ಟೊಂದು ಕನ್ನಡಗಳಿವೆ ಎಂದು ಆಗಲೇ ಅದು ಬೆರಗುಪಟ್ಟಿದೆ. ಅದಕ್ಕಿಂತ ನನಗೆ ಹತ್ತಿರವಾದದ್ದು ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ. ಅದನ್ನು ವ್ಯಾಕರಣವೆಂದು ಹೆದರಿ ದೂರ ಇಟ್ಟಿದ್ದೇವೆ. ಅದರ ಕಟ್ಟಡ ನೋಡಿ: ಮೊದಲು ಸೂತ್ರ, ಅನಂತರ ಅದನ್ನು ಬಿಡಿಸುವ ವೃತ್ತಿ, ಅದರ ಬೆನ್ನಿಗೆ ಪ್ರಯೋಗ, ಅಂದರೆ ಕವಿಗಳು ನಿಜವಾಗಿ ಬಳಸಿದ ಮಾತು. ಕೇಶಿರಾಜನ ತಂದೆ ಮಲ್ಲಿಕಾರ್ಜುನ ಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವ ಎಂಬ ಸಂಕಲನ ಕಟ್ಟಿದವನು. ಒಳ್ಳೆಯ ಬರಹದ ಮಾದರಿಗಳು ತುಂಬಿದ್ದ ಮನೆಯಲ್ಲಿ ಬೆಳೆದ ಮಗ ಉದಾಹರಣೆ ಇಲ್ಲದೆ ನಿಯಮ ಹೇಳಲು ಮನಸ್ಸು ಮಾಡಲಿಲ್ಲ.

ಇವತ್ತು ಬರಹ ಕಲಿಸುವ ಶಿಕ್ಷಕನಿಗೆ ನಾವು ಕೊಡುವ ಸಾಮಗ್ರಿಯಲ್ಲಿ ಸೂತ್ರ ಬೇಕಾದಷ್ಟಿದೆ. 'ಸರಳವಾಗಿ ಬರೆಯಿರಿ', 'ವಿಷಯಾಂತರ ಮಾಡಬೇಡಿ', 'ಅಂದವಾದ ಬರವಣಿಗೆ ಇರಲಿ'. ವೃತ್ತಿ ಅಲ್ಲಲ್ಲಿ ಇದೆ. ಪ್ರಯೋಗ ಇಲ್ಲವೇ ಇಲ್ಲ. ಮಗುವೊಂದು ಬರೆದ ಮೊದಲ ಕರಡು, ಅದನ್ನು ಓದಿ ಮೇಷ್ಟ್ರು ಕೇಳಿದ ಪ್ರಶ್ನೆ, ಆ ಪ್ರಶ್ನೆ ಕೇಳಿಸಿಕೊಂಡು ಮಗು ಬರೆದ ಎರಡನೆಯ ಕರಡು, ಈ ಮೂರನ್ನೂ ಒಟ್ಟಿಗಿಟ್ಟು ತೋರಿಸುವ ಪುಟ ನನ್ನ ಇಷ್ಟು ವರ್ಷದ ತರಬೇತಿಗಳಲ್ಲಿ ಒಂದೂ ಸಿಗಲಿಲ್ಲ.

ಅಂಥ ಪುಟ ಹೇಗಿರುತ್ತದೆ ಎಂದು ತೋರಿಸುತ್ತೇನೆ. ಏಳನೆಯ ತರಗತಿಯ ಹುಡುಗಿ 'ನಮ್ಮೂರ ಸಂತೆ' ಎಂದು ಬರೆಯಬೇಕು. ಮೊದಲ ಕರಡು ಹೀಗೆ ಬರುತ್ತದೆ:

'ನಮ್ಮ ಊರಿನಲ್ಲಿ ವಾರಕ್ಕೊಮ್ಮೆ ಸಂತೆ ನಡೆಯುತ್ತದೆ. ಸಂತೆಗೆ ಅನೇಕ ಜನರು ಬರುತ್ತಾರೆ. ತರಕಾರಿ ಹಣ್ಣುಗಳನ್ನು ಕೊಳ್ಳುತ್ತಾರೆ. ಸಂತೆಯಿಂದ ಎಲ್ಲರಿಗೂ ಉಪಯೋಗವಾಗುತ್ತದೆ.'

ಕಾಗುಣಿತ ಸರಿ, ವಿರಾಮ ಚಿಹ್ನೆ ಸರಿ. ನಾವು 'ಉತ್ತಮ' ಎಂದು ಬರೆದು ಸಹಿ ಹಾಕಿ ಮುಂದಿನ ಪುಸ್ತಕ ಎತ್ತಿಕೊಳ್ಳುತ್ತೇವೆ. ಈ ಸಂತೆ ಯಾವ ಊರಿನದು? ಯಾವ ಊರಿನದೂ ಆಗಬಹುದು. ಮೇಷ್ಟ್ರು ಇಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: 'ನಿಮ್ಮವ್ವ ಸಂತೆಗೆ ಹೋದರೆ ಮೊದಲು ಎಲ್ಲಿ ನಿಲ್ಲುತ್ತಾಳೆ?' ಹುಡುಗಿ ನಗುತ್ತಾಳೆ, ಹೇಳುತ್ತಾಳೆ. 'ಹೇಳಿದ್ದನ್ನೇ ಬರಿ' ಅಂದರೆ ಎರಡನೆಯ ಕರಡು ಬರುತ್ತದೆ:

'ನಮ್ಮವ್ವ ಮೊದಲು ಮೆಣಸಿನಕಾಯಿ ಅಂಗಡಿ ಹತ್ರ ನಿಲ್ತಾಳೆ. ಒಂದು ಕಾಯಿ ಮುರಿದು ಮೂಸಿ ನೋಡ್ತಾಳೆ. ತಗೊಳ್ಳಲ್ಲ. ಸಂತೆ ಎಲ್ಲಾ ಸುತ್ತಿ ಕತ್ತಲಾಗೋ ಹೊತ್ತಿಗೆ ತಿರುಗಿ ಅಲ್ಲಿಗೇ ಬರ್ತಾಳೆ. ಅಷ್ಟೊತ್ತಿಗೆ ರೇಟು ಇಳಿದಿರ್ತದೆ.'

ಈಗ ಸಂತೆ ಕಾಣುತ್ತದೆ, ಅವ್ವನೂ ಕಾಣುತ್ತಾಳೆ. ದುಡ್ಡಿನ ಬಿಗುವು ಎಂಥದು ಎಂಬುದು ಆ ಪದ ಬಳಸದೆಯೂ ತಿಳಿಯುತ್ತದೆ. 'ನಿಲ್ತಾಳೆ' ಎಂಬುದನ್ನು 'ನಿಲ್ಲುತ್ತಾಳೆ' ಮಾಡುವುದು ಮೂರನೆಯ ಕರಡಿನ ಕೆಲಸ, ಅದಕ್ಕೆ ಐದು ನಿಮಿಷ ಸಾಕು. ಎರಡನೆಯ ಕರಡಿಗೇ ಕೆಂಪು ಶಾಯಿ ಹಾಕಿದರೆ ಹುಡುಗಿ ಮೊದಲನೆಯದಕ್ಕೇ ವಾಪಸು ಹೋಗುತ್ತಾಳೆ, ಅಲ್ಲಿ ತಪ್ಪಾಗುವ ಭಯವಿಲ್ಲ. ಶಿಕ್ಷಕನಿಗೆ ಸಾಮಗ್ರಿ ಎಂದರೆ ಇದು. ಒಂದು ಹಾಳೆ, ಒಂದು ತೊಡಕು, ಎರಡು ಕರಡು, ನಡುವೆ ಕೇಳಿದ ಪ್ರಶ್ನೆ, ಕೆಳಗೆ ತನ್ನ ತರಗತಿಯ ಉದಾಹರಣೆ ಬರೆದುಕೊಳ್ಳಲು ಖಾಲಿ ಜಾಗ. ನೂರು ಪುಟದ ಕೈಪಿಡಿಯನ್ನು ಬೀರುವಿನಿಂದ ತೆಗೆಯಲು ಮನಸ್ಸು ಬರುವುದಿಲ್ಲ, ಒಂದು ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ತರಗತಿಗೆ ಹೋಗಬಹುದು.

ಇಂಥದ್ದನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಕರ್ನಾಟಕ ಒಂದು ಸಲ ಉತ್ತರ ಕೊಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಋಷಿ ಕಣಿವೆಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಬೆಂಬಲವಿತ್ತು. ಬಂದವರು ಕೂತು ತಮ್ಮ ಮಕ್ಕಳಿಗೆ ಬೇಕಾದ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹರಡಿತು. ಹರಡುವಾಗ ಕಳೆದುಕೊಂಡದ್ದೂ ಉಂಟು, ಆ ಚರ್ಚೆ ಇನ್ನೊಮ್ಮೆ ಆಗಲಿ. ಅದರೊಳಗಿನ ಒಂದು ಸಣ್ಣ ಜಾಣತನವನ್ನು ಮಾತ್ರ ಇಲ್ಲಿ ಹೇಳಬೇಕು. ನಲಿ-ಕಲಿಯ ಮಗು ವರ್ಣಮಾಲೆಯ ಅ, ಆ, ಇ, ಈ ಕ್ರಮದಲ್ಲಿ ಹೊರಡುವುದಿಲ್ಲ. ರ, ಗ, ಸ, ದ, ಅ ಎಂದು ಶುರುಮಾಡುತ್ತದೆ. ಬರೆಯಲು ಕೈಗೆ ಒಗ್ಗುವ ಆಕಾರಗಳು ಮೊದಲು. ಈ ಐದೇ ಅಕ್ಷರ ಬಂದರೆ ಮಗು 'ಸರ' ಬರೆಯಬಲ್ಲದು, 'ಅರಸ' ಬರೆಯಬಲ್ಲದು, 'ಅಗಸ' ಬರೆಯಬಲ್ಲದು. ವರ್ಣಮಾಲೆಯ ಹಾದಿಯಲ್ಲಿ ಸ್ವರಗಳನ್ನೆಲ್ಲ ದಾಟುವವರೆಗೆ ಒಂದು ಅರಸನೂ ಸಿಗುವುದಿಲ್ಲ. ಬರೆದದ್ದಕ್ಕೆ ಅರ್ಥವಿದೆ ಎಂಬ ಖುಷಿಯನ್ನು ಮೊದಲ ವಾರವೇ ಮಗುವಿನ ಕೈಗಿಡುವ ಯೋಚನೆ ಇದು. ಮಗುವಿನ ಪಕ್ಕದಲ್ಲಿ ಕೂತು ಅದರ ಬೆರಳು ನೋಡಿದವರಿಗೇ ಇದು ಹೊಳೆಯುವುದು.

ಆ ಯೋಚನೆ ಮೂರನೆಯ ತರಗತಿಯ ಆಚೆಗೆ ಯಾಕೆ ಬರಲಿಲ್ಲ? ಪದ ಬರೆಯುವುದನ್ನು ಇಷ್ಟು ಪ್ರೀತಿಯಿಂದ ಕಲಿಸಿದ ವ್ಯವಸ್ಥೆ, ಪ್ಯಾರಾ ಬರೆಯುವ ಹೊತ್ತಿಗೆ ಮಗುವನ್ನೂ ಮೇಷ್ಟ್ರನ್ನೂ ಒಟ್ಟಿಗೇ ಕೈಬಿಡುತ್ತದೆ. ಆರನೆಯ ತರಗತಿಯಿಂದ ಮುಂದೆ ಭಾಷಾ ಬೋಧನೆ ಎಂದರೆ ಪಾಠದ ಸಾರಾಂಶ, ಪ್ರಶ್ನೋತ್ತರ, ಲೋಪ ಆಗಮ ಆದೇಶ ಸಂಧಿ. ಸವರ್ಣದೀರ್ಘ ಸಂಧಿಗೆ ಹತ್ತು ಉದಾಹರಣೆ ಕೊಡುವ ಹುಡುಗನಿಗೆ ಎರಡು ದಿನದ ರಜೆ ಕೇಳಿ ನಾಲ್ಕು ಸಾಲು ಸ್ವಂತವಾಗಿ ಬರೆಯಲು ಬರುವುದಿಲ್ಲ. 2007ರಲ್ಲಿ ಅಮೆರಿಕದ ಸ್ಟೀವ್ ಗ್ರಹಾಂ, ಡೊಲೊರೆಸ್ ಪೆರಿನ್ ಇಬ್ಬರೂ 4ರಿಂದ 12ನೇ ತರಗತಿಯವರೆಗಿನ ಬರಹ ಬೋಧನೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡಿದರು. ಯೋಜಿಸುವುದು, ಕರಡು ತಿದ್ದುವುದು, ಓದಿದ್ದನ್ನು ಸಂಕ್ಷೇಪಿಸುವುದು, ಇವನ್ನು ಹಂತಹಂತವಾಗಿ ಹೇಳಿಕೊಟ್ಟ ಕಡೆ, ಮಕ್ಕಳು ಜೊತೆಗೂಡಿ ಬರೆದ ಕಡೆ ಬರಹ ಚೆನ್ನಾಗಿ ಸುಧಾರಿಸಿತ್ತು. ವ್ಯಾಕರಣವನ್ನು ಬರಹದಿಂದ ಬೇರೆ ಮಾಡಿ ಪಾಠ ಮಾಡಿದ ಕಡೆ ಉಪಯೋಗ ಕಾಣಲಿಲ್ಲ. ಅದು ಇಂಗ್ಲಿಷಿನ ಮಾತು, ಅಲ್ಲಿನ ಮಕ್ಕಳ ಮಾತು ಎನ್ನಬಹುದು. ನಮ್ಮ ತರಗತಿಯಲ್ಲಿ ನಿಂತು ನೋಡಿದವರಿಗೆ ಅದು ಪರಕೀಯ ಅನಿಸುವುದಿಲ್ಲ.

ಜೊತೆಗೂಡಿ ಬರೆಯುವ ಮಾತು ಬಂತು, ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದೂರಿನ ಶಾಲೆಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಪಾದ್ರಿ ಲೊರೆಂಜೊ ಮಿಲಾನಿ ಬಡ ರೈತರ ಮಕ್ಕಳಿಗಾಗಿ ನಡೆಸಿದ ಶಾಲೆ ಅದು. ಸರ್ಕಾರಿ ಶಾಲೆಯಲ್ಲಿ ಫೇಲಾದ ಮಕ್ಕಳ ಪರವಾಗಿ ಅಲ್ಲಿನ ಎಂಟು ಹುಡುಗರು ಶಿಕ್ಷಕಿಯೊಬ್ಬರಿಗೆ ಬರೆದ ಪತ್ರ 1967ರಲ್ಲಿ ಪುಸ್ತಕವಾಗಿ ಬಂದು ಜಗತ್ತಿನ ಗಮನ ಸೆಳೆಯಿತು. ಅವರು ಬರೆದ ರೀತಿ ನಮ್ಮ ಯಾವ ಶಾಲೆಗೂ ಎಟುಕುವಂಥದು. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದಿಡುವುದು. ಒಂದು ದಿನ ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡುವುದು. ಒಂದೇ ಮಾತು ಎರಡು ಕಡೆ ಇದ್ದರೆ ಒಂದನ್ನು ತೆಗೆಯುವುದು. ಒಂದಕ್ಕೊಂದು ನಂಟಿರುವುದನ್ನು ಒಂದು ಗುಡ್ಡೆ ಮಾಡುವುದು, ಗುಡ್ಡೆ ಅಧ್ಯಾಯವಾಗುತ್ತದೆ, ಅದರೊಳಗಿನ ಪುಟ್ಟ ಗುಡ್ಡೆ ಪ್ಯಾರಾ ಆಗುತ್ತದೆ. ಹೆಸರಿಡಲು ಬಾರದ ಪ್ಯಾರಾ ಇದ್ದರೆ ಅದು ಒಡೆಯಬೇಕಾದ ಪ್ಯಾರಾ, ಇಲ್ಲವೇ ಬೇಡದ ಪ್ಯಾರಾ. ಹಳೆಯ ನೋಟ್‌ಬುಕ್ಕಿನ ಖಾಲಿ ಬೆನ್ನು ಹರಿದರೆ ಚೀಟಿ ಸಿದ್ಧ. 'ವಿಷಯಾಂತರ ಮಾಡಬೇಡಿ' ಎಂದು ಹತ್ತು ವರ್ಷ ಹೇಳಿ ನನಗೆ ಕಲಿಸಲಾಗದ್ದನ್ನು ನನ್ನ ತರಗತಿಯಲ್ಲಿ ಈ ಚೀಟಿಗಳು ಎರಡು ಪಿರಿಯಡ್ಡಿನಲ್ಲಿ ಕಲಿಸಿದವು. ಮಕ್ಕಳೇ ಜಗಳಾಡಿದರು, 'ಇದು ಈ ಗುಡ್ಡೆದಲ್ಲ, ಆ ಗುಡ್ಡೆದು' ಎಂದು. ಪ್ಯಾರಾ ಎಂದರೇನು ಎಂಬುದು ಆ ಜಗಳದಲ್ಲಿತ್ತು.

ಇನ್ನು ತಿದ್ದುವ ಹೊರೆ. ಇದನ್ನು ಮರೆತು ಮಾಡಿದ ಯಾವ ಸಾಮಗ್ರಿಯೂ ಶಾಲೆಯೊಳಗೆ ಬಾಳುವುದಿಲ್ಲ. ತರಗತಿಯಲ್ಲಿ 45 ಮಕ್ಕಳು, ಒಂದು ಪುಸ್ತಕಕ್ಕೆ 5 ನಿಮಿಷ ಎಂದರೂ 225 ನಿಮಿಷ, ಅಂದರೆ ಮೂರೂಮುಕ್ಕಾಲು ಗಂಟೆ. ಇಂಥ ಮೂರು ತರಗತಿ ಇರುವ ಶಿಕ್ಷಕಿ ವಾರಕ್ಕೊಂದು ಪ್ರಬಂಧ ಬರೆಸಿದರೆ ಮನೆ, ಅಡಿಗೆ, ಸ್ವಂತ ಮಕ್ಕಳು ಎಲ್ಲ ಬಿಟ್ಟು ಕೂರಬೇಕು. ಹಾಗಾಗಿ ಬರೆಸುವುದೇ ಕಡಿಮೆಯಾಗುತ್ತದೆ. ಪರಿಹಾರ ಸಾಮಗ್ರಿಯೊಳಗೇ ಇರಬೇಕು. ಈ ವಾರದ ಹಾಳೆಯಲ್ಲಿ ನೋಡಬೇಕಾದ್ದು ಒಂದೇ ಅಂಶ ಎಂದು ಬರೆದಿರಬೇಕು: ಮೊದಲ ವಾಕ್ಯ ಮಾತ್ರ, ಅಥವಾ ಕಂಡದ್ದು ಕೇಳಿದ್ದು ಒಂದಾದರೂ ಇದೆಯೇ ಎಂಬುದು ಮಾತ್ರ. ಪಕ್ಕದಲ್ಲಿ ಕೂತವರು ಒಬ್ಬರದನ್ನೊಬ್ಬರು ಗಟ್ಟಿಯಾಗಿ ಓದಿ 'ನನಗೆ ಎಲ್ಲಿ ಅರ್ಥವಾಗಲಿಲ್ಲ' ಎಂದು ಗೆರೆ ಎಳೆಯುವ ಪದ್ಧತಿ ಇರಬೇಕು. ಎಲ್ಲ ತಪ್ಪನ್ನೂ ತಿದ್ದುವುದು ಕರ್ತವ್ಯನಿಷ್ಠೆ ಎಂದು ನಮಗೆ ಕಲಿಸಿದ್ದಾರೆ. ಕೆಂಪು ತುಂಬಿದ ಪುಟವನ್ನು ಮಗು ಎರಡನೆಯ ಸಲ ನೋಡುವುದಿಲ್ಲ, ಆ ಶ್ರಮವೆಲ್ಲ ನೀರಲ್ಲಿ ಹೋಮ.

ತಪ್ಪುಗಳೂ ಊರೂರಿಗೆ ಬೇರೆ ಬೇರೆ. ಧಾರವಾಡದ ಕಡೆ ಮಗು 'ಬಂದಾರ' ಎಂದು ಬರೆದರೆ ಮಂಡ್ಯದ ಕಡೆ 'ಬಂದವ್ರೆ'. ಕರಾವಳಿಯಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗುವಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಹಳೇ ಮೈಸೂರು ಸೀಮೆಯ ಹಲವೆಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಬರಹದಲ್ಲೂ ಜಾರುತ್ತದೆ. 'ಅಣ್ಣು' ಎಂದು ಬರೆದ ಮಗುವಿಗೆ ನೂರು ಸಲ 'ಹಣ್ಣು' ಬರೆಸುವುದಕ್ಕಿಂತ ಹಕ್ಕಿ-ಅಕ್ಕಿ, ಹಾಡು-ಆಡು, ಹರಸು-ಅರಸು ಎಂಬ ಜೋಡಿಗಳ ಒಂದು ಪುಟ ಕೊಟ್ಟು 'ಹಕ್ಕಿ ಅಕ್ಕಿ ತಿಂದಿತು' ಎಂಬಂಥ ಸಾಲು ಕಟ್ಟಲು ಬಿಟ್ಟರೆ ಹಕಾರ ಏನು ಕೆಲಸ ಮಾಡುತ್ತದೆ ಎಂದು ಅದಕ್ಕೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಕೂತು ಬರೆದ ಒಂದೇ ಕೈಪಿಡಿ ಬೀದರಿನಿಂದ ಚಾಮರಾಜನಗರದವರೆಗೆ ಸಾಲದು ಎನ್ನುವುದು ಇದಕ್ಕೇ. ಹಾಳೆಗಳು ಆಯಾ ಸೀಮೆಯಲ್ಲೇ ಹುಟ್ಟಬೇಕು. ಮಗುವಿನ ಮನೆಮಾತನ್ನು ತಪ್ಪು ಎಂದು ಕರೆಯದೆ, ಅದು ಆಡುವ ಮಾತು, ಇದು ಅರ್ಜಿಯ ಮಾತು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು. ಶಿಕ್ಷಣತಜ್ಞ ಕೃಷ್ಣಕುಮಾರ್ ಅವರು 1986ರಲ್ಲಿ ಮಗುವಿನ ಭಾಷೆ ಮತ್ತು ಶಿಕ್ಷಕರ ಬಗ್ಗೆ ಬರೆದ ಪುಟ್ಟ ಕೈಪಿಡಿಯಲ್ಲಿ ಬರಹಕ್ಕಿಂತ ಮೊದಲು ಮಾತಿಗೆ ಒಂದು ಅಧ್ಯಾಯ ಇಟ್ಟಿದ್ದಾರೆ. ಮಾತಾಡಲು ಬಿಡದ ತರಗತಿಯಲ್ಲಿ ಬರಹ ಹುಟ್ಟುವುದಿಲ್ಲ ಎಂಬುದನ್ನು ಆ ಕ್ರಮವೇ ಹೇಳುತ್ತದೆ.

ನಾವು ಕೆಲವು ಶಿಕ್ಷಕರು ಹೀಗೆ ಹಾಳೆ ಮಾಡಲು ಒಂದು ಶನಿವಾರ ಮಧ್ಯಾಹ್ನ ಸೇರಿದ್ದೆವು. ಮೊದಲ ಒಂದು ಗಂಟೆ ಮಕ್ಕಳ ತಪ್ಪುಗಳ ಪಟ್ಟಿ ಮಾಡಿದೆವು, ಅದು ಸಲೀಸು. ಆಮೇಲೆ ಒಬ್ಬರು, ಮಕ್ಕಳಿಗೆ ಕೊಡುವ ವಿಷಯವನ್ನು ನಾವೂ ಒಂದು ಪುಟ ಬರೆಯೋಣ ಎಂದರು. 'ನನ್ನ ಶಾಲೆಯ ಮೊದಲ ದಿನ'. ಹತ್ತು ನಿಮಿಷ ಯಾರ ಪೆನ್ನೂ ಓಡಲಿಲ್ಲ. ಇಪ್ಪತ್ತು ವರ್ಷದಿಂದ ಪ್ರಬಂಧ ಬರೆಸುತ್ತಿದ್ದ ಹಿರಿಯರೊಬ್ಬರು 'ಶಾಲೆಯು ಜ್ಞಾನದ ದೇಗುಲ' ಎಂದು ಬರೆದು, ಹೊಡೆದುಹಾಕಿ, ಸುಮ್ಮನೆ ಕೂತರು. ಕೊನೆಗೆ ಅವರು ಬರೆದದ್ದು ಅಪ್ಪನ ಸೈಕಲ್ಲಿನ ಕ್ಯಾರಿಯರ್ ಬಿಗಿಯಾಗಿ ಹಿಡಿದು ಅಂಗೈಯಲ್ಲಿ ಮೂಡಿದ ಕಂಬಿಯ ಗುರುತಿನ ಬಗ್ಗೆ. ಓದುವಾಗ ಅವರ ದನಿ ಕಟ್ಟಿತು. ಆ ಪುಟದ ಮೊದಲ ಸಾಲಿನಿಂದ ಎರಡನೆಯ ಸಾಲಿಗೆ ಅವರು ಹೇಗೆ ದಾಟಿದರು ಎಂಬುದೇ ನಮ್ಮ ಮೊದಲ ಹಾಳೆಯಾಯಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಶುರುಮಾಡಿದ ಬರವಣಿಗೆ ಶಿಕ್ಷಕರ ಚಳವಳಿ ಇದೇ ನಂಬಿಕೆಯ ಮೇಲೆ ನಿಂತದ್ದು: ಬರಹ ಕಲಿಸುವವರು ತಾವೂ ಬರೆಯಬೇಕು, ಶಿಕ್ಷಕರಿಗೆ ಶಿಕ್ಷಕರೇ ಕಲಿಸಬೇಕು. ಅದು ಮುಂದೆ ಅಮೆರಿಕದ ಉದ್ದಗಲಕ್ಕೂ ಬೆಳೆಯಿತು. ನಮ್ಮ ಕ್ಲಸ್ಟರ್ ಸಭೆಗಳಲ್ಲಿ ಅಂಕಿಅಂಶ ತುಂಬಿಸುವ ಒಂದು ಗಂಟೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ.

ಹಾಳೆಗಳನ್ನು ಹಂಚಿಕೊಳ್ಳಲು ದಾರಿಗಳಿವೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ, ಶಿಕ್ಷಕರೇ ಕನ್ನಡದಲ್ಲಿ ಸಾಮಗ್ರಿ ಬರೆದು ಯಾರು ಬೇಕಾದರೂ ಬಳಸುವಂತೆ ಇಡಬಹುದು ಎಂದು ತೋರಿಸಿಕೊಟ್ಟಿದೆ. ಅನುಭವದಿಂದ ಹೇಳುವ ಎರಡು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಬೇಡಿ, ಇನ್ನೊಬ್ಬರ ಮೊಬೈಲಿನಲ್ಲಿ ತೆರೆದರೆ ಅದು ಗುರುತು ಸಿಗದ ಗೀಟುಗಳಾಗುತ್ತದೆ. ಯೂನಿಕೋಡ್ ಬಳಸಿ. ಮಗುವಿನ ಬರಹ ಬಳಸುವಾಗ ಮಗುವನ್ನು ಕೇಳಿಯೇ ಬಳಸಿ, ಹೆಸರು ತೆಗೆಯಿರಿ. ನಮ್ಮ ಸಂತೆಯ ಹಾಳೆ ಮೂರು ಶಾಲೆ ದಾಟಿ ಹೋದಾಗ ಆ ಹುಡುಗಿಯ ಅವ್ವ ಊರವರ ಬಾಯಿಗೆ ಸಿಗಬಾರದು.

ಈ ಅಂಕಣ ಓದುತ್ತಿರುವವರಲ್ಲಿ ಕನ್ನಡ ಬೋಧಿಸುವವರು ಇರುತ್ತೀರಿ. ಈ ವಾರ ತಿದ್ದುವ ಪುಸ್ತಕಗಳಲ್ಲಿ ಒಂದನ್ನು ಎತ್ತಿಡಿ. ಜೀವವಿಲ್ಲದ ಒಂದು ಪ್ಯಾರಾ ಆರಿಸಿ, ಆ ಮಗುವನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ, ಮತ್ತೆ ಬರೆಯಲು ಬಿಡಿ. ಎರಡು ಕರಡುಗಳನ್ನೂ ನೀವು ಕೇಳಿದ ಪ್ರಶ್ನೆಯನ್ನೂ ಒಂದು ಹಾಳೆಯಲ್ಲಿ ನಕಲು ಮಾಡಿ, ಪಕ್ಕದ ಊರಿನ ಕನ್ನಡ ಶಿಕ್ಷಕರಿಗೆ ಕೊಡಿ. ಅವರಿಂದ ಒಂದು ಹಾಳೆ ಕೇಳಿ ಪಡೆಯಿರಿ.